ಗಾಡಿಯವಳ ಟೀ

ಅಬ್ಬಿಗೆರೆಯ ಸುಬ್ರಮಣಿ ಮದುವೆಯಾದಂದಿನಿಂದ ಅಡುಗೆಮನೆಯೊಳಗೆ ಕಾಲಿಟ್ಟಿದ್ದರೆ ಅದು ನೀರು ಕುಡಿಯುವುದಕ್ಕೆ, ಇಲ್ಲವೇ ಗ್ಯಾಸ್ ಸಿಲಿಂಡರ್ ಎತ್ತಿಡುವುದಕ್ಕೆ. ಅಂಥವನು ಬ್ಯಾಂಕಾಕಿನಿಂದ ಬಂದ ಎರಡನೆಯ ದಿನವೇ ಲುಂಗಿ ಎತ್ತಿ ಕಟ್ಟಿಕೊಂಡು ಒಲೆ ಮುಂದೆ ನಿಂತಿದ್ದನ್ನು ಕಂಡು ಅವನ ಹೆಂಡತಿ ರಾಧಾಮಣಿಗೆ ಮೊದಲು ಬಂದದ್ದು ನಗು.

"ಏನ್ರೀ ಇದು? ಪಾತ್ರೆ ತಳ ಹಿಡಿಸ್ತೀರಾ, ಬನ್ನಿ ಈಚೆಗೆ."

"ನೀನು ಸುಮ್ನಿರು. ಇವತ್ತು ಟೀ ನಂದು. ಇಂಥಾ ಟೀ ನೀನು ಹುಟ್ಟಿದಾಗ್ಲಿಂದ ಕುಡಿದಿರಲ್ಲ."

ಸುಬ್ರಮಣಿಯ ಅಪ್ಪನ ಕಾಲದಲ್ಲಿ ರಾಗಿ, ಅವರೆ ಬೆಳೆಯುತ್ತಿದ್ದ ಹೊಲ ಈಗ ಸೈಟುಗಳಾಗಿ, ಬಾಡಿಗೆ ಮನೆಗಳಾಗಿ ಎದ್ದು ನಿಂತಿತ್ತು. ಮುಖ್ಯರಸ್ತೆಯಲ್ಲಿ ಅವನದೊಂದು ಸಿಮೆಂಟು, ಕಬ್ಬಿಣದ ಅಂಗಡಿ. ಆ ವರ್ಷ ಹೆಚ್ಚು ಮಾಲು ಎತ್ತಿದ ಅಂಗಡಿಯವರನ್ನೆಲ್ಲ ಸಿಮೆಂಟ್ ಕಂಪನಿಯವರು ತಮ್ಮ ಖರ್ಚಿನಲ್ಲಿ ಬ್ಯಾಂಕಾಕಿಗೆ ಕರೆದೊಯ್ದಿದ್ದರು. ಹೆಂಡತಿಯರಿಗೆ ಕರೆ ಇರಲಿಲ್ಲ. "ಬ್ಯಾಂಕಾಕಾ?" ಎಂದು ಬೀದಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದರು. ರಾಧಾಮಣಿ ಕಿವಿಗೆ ಹಾಕಿಕೊಂಡಿರಲಿಲ್ಲ. ಮೈಸೂರಿಗೆ ಹೊರಟರೂ ಮೊಸರನ್ನ ಕಟ್ಟಿಸಿಕೊಂಡು ಹೋಗುವ ಗಂಡ ಎಲ್ಲಿ ಹೋದರೇನು ಎಂಬ ಧೈರ್ಯ ಅವಳದು.

ಅವನು ಅಲ್ಲಿಂದ ಅವಳಿಗೆ ಒಂದು ಕೈಚೀಲ ತಂದಿದ್ದ, ತಾಯಿಗೆ ನೋವಿನ ಎಣ್ಣೆ ತಂದಿದ್ದ, ಜೊತೆಗೆ ಓದಲು ಬಾರದ ಅಕ್ಷರಗಳಿದ್ದ ಒಂದು ಟೀ ಪುಡಿಯ ಪ್ಯಾಕೆಟ್ಟು ತಂದಿದ್ದ. ಈಗ ಆ ಪ್ಯಾಕೆಟ್ಟನ್ನು ಹಲ್ಲಿನಿಂದ ಹರಿದು, ಅರ್ಧ ಪುಡಿಯನ್ನು ಕುದಿಯುವ ನೀರಿಗೆ ಸುರಿದ. ಇಟ್ಟಿಗೆ ಪುಡಿ ಕಲಸಿದ ಹಾಗೆ ನೀರು ಕೆಂಪಾಯಿತು. ಸೋಸುವಾಗ ಅರ್ಧ ಕಟ್ಟೆಯ ಮೇಲೆ ಚೆಲ್ಲಿತು. ಸಿಹಿಯಾದ ಗಟ್ಟಿ ಹಾಲಿನ ಡಬ್ಬಿ ತೆರೆಯಲು ಹೋಗಿ ಬೆರಳು ಕುಯ್ದುಕೊಂಡ. ಬಿಸಿ ಟೀಯನ್ನೇ ಐಸಿನ ಮೇಲೆ ಹುಯ್ದು ಮೂರು ಲೋಟ ಮಾಡಿ ತಂದಿಟ್ಟ. ಐಸು ಅಷ್ಟರಲ್ಲೇ ಕರಗಿ ನೀರಾಗಿತ್ತು.

ನಡುಮನೆಯಲ್ಲಿ ಟಿವಿ ಮುಂದೆ ಕೂತಿದ್ದ ತಾಯಿ ದೊಡ್ಡಮುನಿಯಮ್ಮ ಒಂದು ಗುಟುಕು ಕುಡಿದು ಮುಖ ಕಿವುಚಿದಳು. "ಇದೇನ್ಲಾ ಸುಬ್ಬಾ? ಬಿಸಿ ಮಾಡಾಕೆ ಗ್ಯಾಸು ಸುಟ್ಟು, ತಣ್ಣಗ್ ಮಾಡಾಕೆ ಕರೆಂಟು ಸುಟ್ಟು, ಕೊನೀಗೆ ಇದಾ?"

ಸುಬ್ರಮಣಿ ತಾನೂ ಕುಡಿದು ನೋಡಿದ. ತಲೆ ಆಡಿಸಿದ. "ಇಲ್ಲ, ಹಿಂಗಿರಲಿಲ್ಲ. ಅವಳು ಏನೋ ಬೇರೆ ಥರ ಮಾಡೋಳು. ಅವಳ ಕೈಯಲ್ಲಿ ಹದವಾಗಿ ಬರ್ತಿತ್ತು."

ರಾಧಾಮಣಿ ಲೋಟ ಕೆಳಗಿಟ್ಟಳು. "ಯಾರು ಅವಳು?"

"ಅವಳೇ, ಗಾಡಿಯವಳು. ಹೋಟ್ಲು ಪಕ್ಕ ಗಲ್ಲೀಲಿ ಟೀ ಗಾಡಿ ಇಟ್ಕೊಂಡಿದ್ಲು."

ಅವನು ಇಷ್ಟು ಸಲೀಸಾಗಿ ಹೇಳಿದನೆಂದರೆ ಮೇಲೆ ಕೇಳುವುದಕ್ಕೆ ಏನೂ ಉಳಿಯಲಿಲ್ಲ. ಆದರೂ 'ಅವಳು' ಎಂಬ ಆ ಒಂದು ಮಾತು ಮೀನಿನ ಮುಳ್ಳಿನಂತೆ ರಾಧಾಮಣಿಯ ಗಂಟಲಲ್ಲಿ ಕೂತಿತು. ಕಟ್ಟೆ ಒರೆಸುವಾಗಲೂ, ಸಂಜೆ ಮುದ್ದೆಗೆ ನೀರಿಡುವಾಗಲೂ ಅದು ಚುಚ್ಚುತ್ತಲೇ ಇತ್ತು.

ಮರುದಿನ ಸುಬ್ರಮಣಿ ತಾನೇ ಫೋನು ಹಿಡಿದುಕೊಂಡು ಅವಳ ಪಕ್ಕ ಬಂದು ಕೂತ. "ನನ್ ಕೈಲಾಗಲ್ಲ, ನೀನೇ ಮಾಡು. ವೀಡಿಯೋ ಮಾಡ್ಕೊಂಡು ಬಂದಿದೀನಿ ನೋಡು. ಎಷ್ಟು ಎತ್ತರದಿಂದ ಸುರೀತಾಳೆ ನೋಡಿದ್ಯಾ?"

ರಾಧಾಮಣಿ ಎದೆ ಗಟ್ಟಿ ಮಾಡಿಕೊಂಡು ನೋಡಿದಳು. ಬಳುಕುವ ಹುಡುಗಿಯೊಬ್ಬಳನ್ನು, ಗೊಂಬೆಯಂಥ ಮುಖವನ್ನು ಅವಳು ನಿರೀಕ್ಷಿಸಿದ್ದಳು. ಫೋನಿನಲ್ಲಿ ಕಂಡವಳು ಹೆಚ್ಚುಕಡಿಮೆ ತನ್ನದೇ ವಯಸ್ಸಿನ ಹೆಂಗಸು. ಹಸಿರು ಏಪ್ರನ್ನು, ತುಂಬಿದ ತೋಳು, ಕ್ಲಿಪ್ಪು ಹಾಕಿ ಎತ್ತಿ ಕಟ್ಟಿದ ಕೂದಲು, ಕಣ್ಣಿನ ಕೆಳಗೆ ಕಪ್ಪು. ಉದ್ದನೆಯ ಬಟ್ಟೆಯ ಸೋಸುಚೀಲವನ್ನು ಒಂದು ಚೊಂಬಿನಿಂದ ಇನ್ನೊಂದು ಚೊಂಬಿಗೆ ಎತ್ತಿ ಇಳಿಸುತ್ತಿದ್ದಳು, ಲೋಟದ ತುಂಬ ಐಸು ಹಾಕಿ, ಕೆಂಪು ಟೀ ಸುರಿದು, ಮೇಲೆ ಬಿಳಿ ಹಾಲು ಬಿಡುತ್ತಿದ್ದಳು. ಕೊನೆಗೆ ಫೋನಿನ ಕಡೆ ನೋಡಿ ಏನೋ ಅಂದು ನಕ್ಕಳು. ಆ ಕಡೆಯಿಂದ ಸುಬ್ರಮಣಿಯ ನಗುವೂ ಕೇಳಿಸಿತು.

ರಾಧಾಮಣಿಗೆ ಮೊದಲು ನಿರಾಳವಾಯಿತು. ಆಮೇಲೆ, ನಿಧಾನವಾಗಿ, ಮೊದಲಿನದಕ್ಕಿಂತಲೂ ಕೆಟ್ಟದೆನಿಸಿತು. ಅವಳು ಚೆಲುವೆಯಾಗಿದ್ದರೆ ಒಂದು ಮಾತು. ಗಂಡಸರ ಕಣ್ಣು ಎಂದು ಎರಡು ಬೈದು ಸುಮ್ಮನಾಗಬಹುದಿತ್ತು. ಆದರೆ ತನ್ನ ಹಾಗೇ ಬೆವರುವ, ತನ್ನ ಹಾಗೇ ಸೊಂಟದಲ್ಲಿ ದಪ್ಪಗಾದ ಹೆಂಗಸೊಬ್ಬಳು ಟೀ ಸೋಸುವುದನ್ನು ಗಂಡ ಇಷ್ಟು ಹೊತ್ತು, ಕೈ ನಡುಗಿಸದೆ, ಫೋನು ಹಿಡಿದು ನೋಡಿದ್ದಾನೆ. ಇಷ್ಟು ವರ್ಷ ದಿನಕ್ಕೆರಡು ಸಲ ಟೀ ಕೊಟ್ಟವಳು ತಾನು. ಲೋಟ ತೆಗೆದುಕೊಳ್ಳುವಾಗ ಅವನ ಕಣ್ಣು ಪೇಪರಿನ ಮೇಲಿರುತ್ತಿತ್ತು, ಈಚೆಗೆ ಫೋನಿನ ಮೇಲೆ.

"ನಿನ್ ಫೋನಿಗೂ ಕಳಿಸ್ತೀನಿ, ನೋಡ್ಕೊಂಡು ಮಾಡು," ಎಂದು ಅವನು ಅಂಗಡಿಗೆ ಹೋದ. ಆ ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ರಾಧಾಮಣಿ ಆ ವೀಡಿಯೋವನ್ನು ಎಷ್ಟು ಸಲ ನೋಡಿದಳೋ ಅವಳಿಗೇ ಲೆಕ್ಕ ತಪ್ಪಿತು.

ಭಾನುವಾರ ಗೋಪಿ ತನ್ನ ಹೆಂಡತಿ ಮಾಲಾಳನ್ನು ಕರೆದುಕೊಂಡು ಬಂದ. ಚಿಕ್ಕಬಾಣಾವರದಲ್ಲಿ ಅಂಗಡಿ ಇಟ್ಟಿದ್ದ ಗೋಪಿಯೂ ಅದೇ ಪ್ರವಾಸಕ್ಕೆ ಹೋಗಿ ಬಂದವನು. ರಾಧಾಮಣಿ ಉಳಿದಿದ್ದ ಪುಡಿಯನ್ನೆಲ್ಲ ಹಾಕಿ, ವೀಡಿಯೋದಲ್ಲಿ ಕಂಡಂತೆ ಟೀ ಮಾಡಿ ತಂದಳು. ಈ ಸಲ ಆರಿಸಿ ಐಸಿಗೆ ಹಾಕಿದ್ದರಿಂದ ನೀರಾಗಿರಲಿಲ್ಲ. ಆದರೆ ಪುಡಿಯನ್ನು ಬಹಳ ಹೊತ್ತು ಕುದಿಸಿದ್ದಳು, ಒಗರಾಗಿತ್ತು.

"ಪರ್ವಾಗಿಲ್ಲ," ಎಂದ ಸುಬ್ರಮಣಿ. "ಆದ್ರೆ ಅಲ್ಲಿಯ ಹಾಗಿಲ್ಲ."

ಗೋಪಿ ಗಹಗಹಿಸಿ ನಕ್ಕ. "ಅಲ್ಲಿಯ ಹಾಗೆ ಎಲ್ಲಿಂದ ಬರುತ್ತೆ ಗುರು! ಅತ್ತಿಗೆ, ನಿಮಗೆ ವಿಷಯ ಗೊತ್ತಾ? ನಾವೆಲ್ಲ ದೋಣಿ, ಆನೆ, ಮಾರ್ಕೆಟ್ಟು ಅಂತ ಸುತ್ತಾಡ್ತಿದ್ರೆ ಇವನು ಸ್ಟೂಲ್ ಹಾಕ್ಕೊಂಡು ಆ ಗಾಡಿ ಮುಂದೇನೇ ಕೂತಿರೋನು. ಬಸ್ ಹೊರಡೋ ಹೊತ್ತಿಗೆ ನಾನೇ ಹೋಗಿ ಎಳ್ಕೊಂಡ್ ಬರ್ಬೇಕಿತ್ತು."

"ಹೌದಾ?" ಎಂದು ಮಾಲಾ ಕಣ್ಣರಳಿಸಿದಳು. "ಅಕ್ಕಾ, ಹುಷಾರು. ಮುಂದಿನ್ ಸಲ ಪಾಸ್‌ಪೋರ್ಟ್ ನಿಮ್ ಬೀರುವಲ್ಲಿ ಇಟ್ಕೊಳ್ಳಿ."

ಎಲ್ಲರೂ ನಕ್ಕರು. ರಾಧಾಮಣಿಯೂ ನಕ್ಕಳು. ನಗುತ್ತಲೇ ಲೋಟಗಳನ್ನು ತಟ್ಟೆಗೆ ಜೋಡಿಸಿಕೊಂಡು ಒಳಗೆ ಹೋದವಳು ನಲ್ಲಿಯನ್ನು ಜೋರಾಗಿ ಬಿಟ್ಟು, ತೊಳೆದ ಲೋಟವನ್ನೇ ಮತ್ತೆ ಮತ್ತೆ ತೊಳೆದಳು. ಹೊಟ್ಟೆಯೊಳಗೆ ಬೂದಿ ಮುಚ್ಚಿದ್ದ ಕೆಂಡಕ್ಕೆ ಯಾರೋ ಊದುಗೊಳವೆ ಹಿಡಿದು ಊದಿದಂತಾಗಿತ್ತು. ಆ ಹೆಂಗಸಿನ ಕೈ ಅಂಥದೇನು? ನಾನೂ ಮಾಡುತ್ತೇನೆ. ಅವಳಿಗಿಂತ ಚೆನ್ನಾಗಿ ಮಾಡುತ್ತೇನೆ. ಅವನ ನಾಲಗೆಯಿಂದ ಅವಳ ಟೀಯನ್ನು ಅಳಿಸಿ ಹಾಕುತ್ತೇನೆ ಎಂದುಕೊಂಡಳು.

ಪ್ಯಾಕೆಟ್ಟು ಖಾಲಿಯಾಗಿತ್ತು. ಇನ್ನು ಏನಿದ್ದರೂ ಮನೆಯ ಟೀ ಪುಡಿಯಲ್ಲೇ ಆಗಬೇಕು. ಮಹಡಿಯ ಮೇಲಿನ ಬಾಡಿಗೆ ಮನೆಯಲ್ಲಿ ಗೌಹರ್ ಎಂಬ ಹೆಂಗಸಿದ್ದಳು, ರವಿಕೆ ಹೊಲಿಯುವವಳು. ಅವಳು ಮಾಡುವ ಬಿರಿಯಾನಿಯ ಘಮಕ್ಕೆ ಬೀದಿಯ ಕೊನೆಯ ಮನೆಯವರೂ ತಲೆ ಎತ್ತುತ್ತಿದ್ದರು. ರಾಧಾಮಣಿ ಖಾಲಿ ಪ್ಯಾಕೆಟ್ಟನ್ನು ಒಯ್ದು ಅವಳ ಮೂಗಿಗೆ ಹಿಡಿದಳು.

ಗೌಹರ್ ಹೊಲಿಗೆ ಯಂತ್ರ ನಿಲ್ಲಿಸಿ, ಕಣ್ಣು ಮುಚ್ಚಿ ಮೂಸಿದಳು. "ಅಕ್ಕಾ, ಅನಾನಸ್ ಹೂವು ಇದೆ ಇದ್ರಲ್ಲಿ. ನಾವು ಬಿರಿಯಾನಿಗೆ ಹಾಕ್ತೀವಲ್ಲ, ನಕ್ಷತ್ರದ ಥರದ್ದು, ಅದೇ. ಲವಂಗ ಇದೆಯೇನೋ. ಸಣ್ಣಗೆ ವೆನಿಲಾ ವಾಸನೆ. ಈ ಬಣ್ಣ ಮಾತ್ರ ಬಾಟ್ಲಿ ಬಣ್ಣ. ಯಾಕಕ್ಕಾ, ಏನ್ ವಿಶೇಷ?"

"ಏನಿಲ್ಲ. ಇವರಿಗೆ ಬೇಕಂತೆ."

ಗೌಹರ್ ಅವಳ ಮುಖವನ್ನೊಮ್ಮೆ ನೋಡಿ ಯಂತ್ರಕ್ಕೆ ಮರಳಿದಳು. ಸಂಜೆ ಕೆಳಗಿಳಿದು ಬಂದಳು. ಅಂದಿನಿಂದ ಇಬ್ಬರೂ ಶುರುಹಚ್ಚಿಕೊಂಡರು. ಮೊದಲ ಸಲ ಅನಾನಸ್ ಹೂವು ಜಾಸ್ತಿಯಾಗಿ ಟೀ ಕಷಾಯವಾಯಿತು. ಎರಡನೆಯ ಸಲ ಚಕ್ಕೆ ಮೇಲುಗೈಯಾಗಿ ಪಲಾವಿನ ನೀರಿನ ಹಾಗಿತ್ತು. ದೊಡ್ಡಮುನಿಯಮ್ಮ "ಇದ್ಕೆ ಒಸಿ ಅಕ್ಕಿ ಆಕ್ರಮ್ಮಿ," ಎಂದಳು. ಹಾಲಿನ ಡಬ್ಬಿಗಳು ಖಾಲಿಯಾದವು. ತಪ್ಪಿದ ಲೋಟಗಳನ್ನೆಲ್ಲ ಅತ್ತೆಯೇ "ತಣ್ಣಗದೆ, ಸೀಯಗದೆ, ಬಿಸಾಕ್ಬೇಡ," ಎಂದು ಕುಡಿದು ಮುಗಿಸುತ್ತಿದ್ದಳು.

ಕೊನೆಗೆ ಹದ ಸಿಕ್ಕಿತು. ಮಸಾಲೆಯನ್ನು ನೀರಿನಲ್ಲಿ ಕುದಿಸಬೇಕು, ಟೀ ಪುಡಿಯನ್ನು ಕುದಿಸಬಾರದು. ಒಂದು ಅನಾನಸ್ ಹೂವು, ಎರಡು ಲವಂಗ, ಜಜ್ಜಿದ ಏಲಕ್ಕಿ, ಬೆರಳಿನ ಗೆಣ್ಣಿನಷ್ಟು ಚಕ್ಕೆ ಹಾಕಿ ನೀರು ಮರಳಿದ ಮೇಲೆ ಒಲೆ ಆರಿಸಿ, ಕೈ ಧಾರಾಳ ಮಾಡಿ ಪುಡಿ ಹಾಕಿ, ತಟ್ಟೆ ಮುಚ್ಚಿ ಬಿಡಬೇಕು. ಬಿಸಿಯಿರುವಾಗಲೇ ತೆಳು ಬಟ್ಟೆಯಲ್ಲಿ ಸೋಸಿ ಸಕ್ಕರೆ ಕರಗಿಸಬೇಕು. ಪೂರಾ ಆರಬೇಕು, ಅವಸರ ಮಾಡಿದರೆ ಕೆಟ್ಟಿತು. ಆಮೇಲೆ ಲೋಟದ ಕಂಠದವರೆಗೆ ಐಸು, ಅದರ ಮೇಲೆ ಟೀ, ಎಲ್ಲಕ್ಕಿಂತ ಮೇಲೆ ಡಬ್ಬಿಯ ಗಟ್ಟಿ ಹಾಲಿಗೆ ಒಂದಿಷ್ಟು ಕಾಯಿಸಿ ಆರಿಸಿದ ಹಾಲು ಬೆರೆಸಿ ನಿಧಾನವಾಗಿ ಬಿಡಬೇಕು. ಬಣ್ಣಕ್ಕೆ ಕೇಸರಿಬಾತಿಗೆ ಹಾಕುವ ಪುಡಿಯನ್ನೇ ಉಗುರಿನ ತುದಿಯಷ್ಟು ಹಾಕಿದರು.

ಗೌಹರ್ ಕುಡಿದು ಕಣ್ಣು ತೆರೆದಳು. "ಅಕ್ಕಾ, ಆ ಊರಿನವರೂ ಹೀಗೆ ಮಾಡಲ್ಲ."

ರಾಧಾಮಣಿ ಅವತ್ತು ತಲೆಗೆ ನೀರು ಹಾಕಿಕೊಂಡು, ಹೊಸದಾಗಿ ಹೊಲಿಸಿದ ರವಿಕೆ ತೊಟ್ಟು, ಗಂಡ ಮಧ್ಯಾಹ್ನದ ಊಟಕ್ಕೆ ಬರುವುದನ್ನೇ ಕಾದಳು. ಊಟ ಮುಗಿಸಿ ಅವನು ಕೈ ಒರೆಸಿಕೊಳ್ಳುವ ಹೊತ್ತಿಗೆ ಲೋಟ ತಂದು ಮುಂದಿಟ್ಟಳು. ಬಿಳಿ ಹಾಲು ಕೆಂಪಿನೊಳಗೆ ಎಳೆ ಎಳೆಯಾಗಿ ಇಳಿಯುತ್ತಿತ್ತು.

ಸುಬ್ರಮಣಿ ಒಂದು ಗುಟುಕು ಕುಡಿದ. ಇನ್ನೊಂದು ಕುಡಿದ. "ಇದೇ!" ಎಂದ. "ಇದೇ ಕಣೇ! ಅದೇ ಟೀ!"

ಹಾಗೆಂದವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಕುರ್ಚಿಗೆ ಒರಗಿದ. ಮುಖ ಸಡಿಲವಾಯಿತು, ತುಟಿಯ ಮೇಲೆ ಒಂದು ಸಣ್ಣ ನಗು ಬಂತು. ರಾಧಾಮಣಿ ಎದುರಿಗೇ ನಿಂತಿದ್ದಳು. ಅವನು ಮಾತ್ರ ಆ ಮನೆಯಲ್ಲಿ ಇರಲಿಲ್ಲ. ಎಲ್ಲೋ ದೂರದ ಒಂದು ಗಲ್ಲಿಯಲ್ಲಿ, ಒಂದು ಸ್ಟೂಲಿನ ಮೇಲೆ ಕೂತಿದ್ದ. ಅವಳು ಇಷ್ಟೆಲ್ಲ ಒದ್ದಾಡಿ, ಕೈಯಾರೆ, ಅವನನ್ನು ಮತ್ತೆ ಅಲ್ಲಿಗೇ ಕಳಿಸಿಕೊಟ್ಟಿದ್ದಳು.

"ಏನ್ ನೆನಪಾಯ್ತು?" ಎಂದು ಕೇಳಿದಳು. ದನಿ ಅವಳಿಗೇ ಗುರುತು ಸಿಗಲಿಲ್ಲ.

ಅವನು ಕಣ್ಣು ಬಿಟ್ಟ. "ಏನಿಲ್ಲಪ್ಪ."

"ಸುಳ್ಳು ಹೇಳ್ಬೇಡಿ. ಅವಳೇ ತಾನೇ? ಅಲ್ಲೇ ಯಾಕೆ ಕೂತಿದ್ರಿ ದಿನಾ? ನಿಜ ಹೇಳಿ, ನಾನೇನೂ ಕಿರುಚಾಡಲ್ಲ."

ಸುಬ್ರಮಣಿ ಲೋಟ ಕೆಳಗಿಟ್ಟ. ಅಂಗಡಿಯಲ್ಲಿ ಗಿರಾಕಿಗಳ ಬಾಯಿ ಮುಚ್ಚಿಸುವ ಗಂಡಸು ಮಾತಿಗೆ ತಡಕಾಡಿದ. "ನನಗೆ ಅಲ್ಲಿ ಏನೂ ಸೇರ್ಲಿಲ್ಲ ಕಣೇ. ಊಟ ಸೇರ್ಲಿಲ್ಲ. ಇವರು ಹೋಗೋ ಜಾಗ, ಇವರ ಕುಡಿತ, ಯಾವುದೂ ಸೇರ್ಲಿಲ್ಲ. ಆ ಹೆಂಗಸು ಕೆಲಸ ಮಾಡೋದು ನೋಡ್ತಾ ಕೂತ್ರೆ ಹೊತ್ತು ಹೋಗೋದೇ ತಿಳೀತಿರ್ಲಿಲ್ಲ. ಬಟ್ಟೆ ಎತ್ತೋಳು, ಸುರಿಯೋಳು, ಲೋಟ ಒರೆಸಿಡೋಳು. ಎಲ್ಲಾ ಒಂದು ಅಳತೆ. ಏನೋ ಮಾತಾಡೋಳು, ನನಗೆ ಅರ್ಥ ಆಗ್ತಿರ್ಲಿಲ್ಲ, ಸುಮ್ನೆ ತಲೆ ಆಡಿಸೋನು. ಅಷ್ಟೇ. ನಿನ್ನಾಣೆಗೂ ಅಷ್ಟೇ."

ರಾಧಾಮಣಿ ಅವನ ಮಾತನ್ನು ಅಕ್ಷರ ಅಕ್ಷರವೂ ನಂಬಿದಳು. ಕಷ್ಟವಾದದ್ದೇ ಅದು. ನಂಬದಿದ್ದರೆ ತಾಟು ಎತ್ತಿ ಕುಕ್ಕಬಹುದಿತ್ತು, ತವರಿಗೆ ಹೋಗುತ್ತೇನೆ ಎನ್ನಬಹುದಿತ್ತು.

"ಅವಳ ಹೆಸರೇನು?"

"ಗೊತ್ತಿಲ್ಲ. ಕೇಳ್ಲಿಲ್ಲ."

"ಹಾಕ್ಕೊಂಡಿದ್ದ ಏಪ್ರನ್ ಯಾವ ಬಣ್ಣ?"

"ಹಸಿರು," ಎಂದ ಅವನು ತಟ್ಟನೆ.

"ನಿನ್ನೆ ನಾನ್ ಉಟ್ಟಿದ್ದ ಸೀರೆ?"

ಸುಬ್ರಮಣಿ ಕಿಟಕಿಯಾಚೆ ಬಟ್ಟೆ ಒಣಹಾಕಿದ್ದ ಹಗ್ಗದ ಕಡೆ ಕಣ್ಣು ಹಾಯಿಸಿದ.

"ಹೋಗ್ಲಿ ಬಿಡಿ. ದಿನಾ ಬೆಳಿಗ್ಗೆ ಟೀ ಕೊಡ್ತೀನಲ್ಲ, ಅದಕ್ಕೆ ಏನ್ ಹಾಕ್ತೀನಿ ಹೇಳಿ."

ಅವನು ಯೋಚಿಸಿದ. "ಶುಂಠಿ?"

"ಶುಂಠಿ ಹಾಕಿದ್ರೆ ನಿಮಗೆ ಎದೆ ಉರಿ ಅಂತ ಮದುವೆ ಆದ ಹೊಸದ್ರಲ್ಲೇ ಬಿಟ್ಟೆ. ಏಲಕ್ಕಿ ಹಾಕ್ತೀನಿ. ಅವತ್ತಿಂದ ಇವತ್ತಿನ ತನಕ."

ಅವಳು ಅವನ ಮುಂದಿದ್ದ ಲೋಟವನ್ನು ಎತ್ತಿಕೊಂಡಳು. ಉಳಿದ ಟೀಯನ್ನು ನಿಂತಲ್ಲೇ, ಅವನು ನೋಡುತ್ತಿರುವಂತೆಯೇ, ತಾನು ಕುಡಿದು ಮುಗಿಸಿದಳು. ನಿಜಕ್ಕೂ ಬಹಳ ಚೆನ್ನಾಗಿತ್ತು.

"ಇನ್ಮೇಲೆ ಈ ಟೀ ನಿಮಗೆ ನಾನ್ ಮಾಡಲ್ಲ. ಬೇಕಿದ್ರೆ ಆ ಊರಿಗೇ ಹೋಗಿ ಕುಡ್ಕೊಂಡ್ ಬನ್ನಿ."

ಮಾಡಲೂ ಇಲ್ಲ. ಗೌಹರಳೊಂದಿಗೆ ಮಾಡಿಕೊಂಡು ಮಧ್ಯಾಹ್ನ ಮೇಲಿನ ಮನೆಯಲ್ಲಿ ಕೂತು ಕುಡಿಯುತ್ತಿದ್ದಳು. ಅತ್ತೆಗೆ ಒಂದು ಲೋಟ ಹೋಗುತ್ತಿತ್ತು. ಗಂಡನಿಗೆ ಅದೇ ಏಲಕ್ಕಿ ಟೀ. ಸುಬ್ರಮಣಿ ತನ್ನ ಫೋನಿನಿಂದ ವೀಡಿಯೋ ತೆಗೆದುಹಾಕಿ, "ನೋಡು, ಇಲ್ಲ," ಎಂದು ತೋರಿಸಿದ. "ಸರಿ," ಎಂದಳು. ತನ್ನ ಫೋನಿನಲ್ಲಿದ್ದದ್ದನ್ನು ಅವಳು ತೆಗೆಯಲಿಲ್ಲ. ಯಾರಿಗೂ ಹೇಳದೆ ಆಗಾಗ ನೋಡುತ್ತಿದ್ದಳು. ಪ್ರತಿ ಸಲವೂ ಕೊನೆಯಲ್ಲಿ ಆ ನಗು ಬರುವ ಮೊದಲೇ ನಿಲ್ಲಿಸಿಬಿಡುತ್ತಿದ್ದಳು.

ಒಂದು ಬೆಳಿಗ್ಗೆ ಸುಬ್ರಮಣಿ ಪ್ಲಾಸ್ಟಿಕ್ ಸ್ಟೂಲು ಎಳೆದುಕೊಂಡು ಬಂದು ಫ್ರಿಜ್ಜಿನ ಪಕ್ಕ ಕೂತ. ರಾಧಾಮಣಿ ಟೀಗೆ ನೀರಿಡುತ್ತಿದ್ದಳು.

"ಏನ್ ಬೇಕಿತ್ತು?"

"ಏನಿಲ್ಲ. ಸುಮ್ನೆ."

ನಡುಮನೆಯಿಂದ ದೊಡ್ಡಮುನಿಯಮ್ಮ ಇಣುಕಿದಳು. "ಏನ್ಲಾ ಅದು, ಎಂಡ್ರು ಮದ್ದು ಗಿದ್ದು ಆಕ್ತಾಳೆ ಅಂತ ಕಾವಲು ಕುಂತಿದೀಯಾ?"

ರಾಧಾಮಣಿಗೆ ನಗು ಉಕ್ಕಿತು, ತಡೆದುಕೊಂಡಳು. ಅವನ ನೋಟ ಬೆನ್ನ ಮೇಲಿದ್ದರೆ ಕೈ ತಪ್ಪುತ್ತಿತ್ತು, ಸೌಟು ಜಾರುತ್ತಿತ್ತು. ಹೇಳಿಸಿಕೊಂಡು ನೋಡುವುದು ಬೇರೆ, ತಾನಾಗಿ ನೋಡುವುದು ಬೇರೆ ಎಂದು ಅವಳಿಗೆ ಸಿಟ್ಟೂ ಬರುತ್ತಿತ್ತು. ಅಷ್ಟರಲ್ಲಿ ಅವನ ಫೋನು ರಿಂಗಾಯಿತು. ಸೋಲದೇವನಹಳ್ಳಿಗೆ ಹೊರಟ ಸಿಮೆಂಟಿನ ಲಾರಿ ದಾರಿಯಲ್ಲಿ ಕೆಟ್ಟು ನಿಂತಿತ್ತು. ಅವನು ಎದ್ದು ಓಡಿದ. ಸ್ಟೂಲು ಅಲ್ಲೇ ಉಳಿಯಿತು. ಅವಳು ಅದನ್ನು ಒದ್ದು ಮೂಲೆಗೆ ಸರಿಸಿದಳು.

ಮರುದಿನ ಮತ್ತೆ ಬಂದು ಕೂತ. ಅದರ ಮರುದಿನವೂ ಬಂದ. ಒಂದು ವಾರವಾಗಿರಬಹುದು, ಅವಳು ಏಲಕ್ಕಿ ಜಜ್ಜುತ್ತಿದ್ದಾಗ ಅವನೇ ಕೇಳಿದ. "ಸಿಪ್ಪೆನೂ ಹಾಕಿಬಿಡ್ತೀಯಲ್ಲ, ಯಾಕೆ?"

ಅವಳು ತಿರುಗಿ ನೋಡಿದಳು. ಅವನು ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದ. "ಘಮ ಸಿಪ್ಪೇಲೂ ಇರುತ್ತೆ," ಎಂದಳು. "ಬಿಸಾಡಿದ್ರೆ ನಷ್ಟ."

"ಓ," ಎಂದ ಅವನು. ಅವತ್ತು ಅವಳ ಸೌಟು ಜಾರಲಿಲ್ಲ.

ಬೇಸಿಗೆ ಬಲಿತು, ಮಧ್ಯಾಹ್ನ ಮನೆಯೊಳಗೆ ಕಾಲಿಡಲು ಆಗದಂಥ ಸೆಕೆಯಾದ ಒಂದು ಭಾನುವಾರ ಸುಬ್ರಮಣಿ ತಾನೇ ಒಲೆ ಹಚ್ಚಿದ. "ನೀನ್ ಮಾಡಲ್ಲ ಅಂದಿದೀಯಾ. ನಾನ್ ಮಾಡಬಾರ್ದು ಅಂತೇನೂ ಅಂದಿಲ್ಲ ತಾನೇ? ಹೇಗೆ ಅಂತ ಹೇಳು, ಸಾಕು."

ರಾಧಾಮಣಿ ಸ್ಟೂಲಿನ ಮೇಲೆ ಕೂತಳು. ಕೂತೇ ಹೇಳಿದಳು, ಎದ್ದು ಕೈ ಹಾಕಲಿಲ್ಲ. ಅವನು ಅನಾನಸ್ ಹೂವನ್ನು ಮುರಿದು ಹಾಕಲು ಹೋದರೆ "ಇಡೀದಾಗೇ ಹಾಕಿ," ಎಂದಳು; ಒಲೆ ಆರಿಸದೆ ಪುಡಿ ಸುರಿಯಲು ಹೋದರೆ "ಆರ್ಸಿ ಮೊದ್ಲು," ಎಂದು ಗದರಿದಳು. ದಪ್ಪ ಬೆರಳುಗಳಲ್ಲಿ ಬಟ್ಟೆ ಹಿಡಿದು, ನಾಲಗೆ ಕಚ್ಚಿಕೊಂಡು ಅವನು ಸೋಸುವುದನ್ನು ಕಣ್ಣು ತುಂಬ ನೋಡಿದಳು. ಹಿಂದೆ ಇವನ ಕೈಯನ್ನು ಇಷ್ಟು ಹೊತ್ತು ತಾನೂ ನೋಡಿರಲಿಲ್ಲವೇನೋ ಎನಿಸಿ, ಆ ಯೋಚನೆಯನ್ನು ಅಲ್ಲಿಗೇ ಬಿಟ್ಟಳು. ಅದನ್ನು ಒಪ್ಪಿಕೊಳ್ಳುವಷ್ಟು ಮನಸ್ಸು ಇನ್ನೂ ತಣ್ಣಗಾಗಿರಲಿಲ್ಲ.

ಟೀ ಆರಿತು. ಅವನು ಫ್ರಿಜ್ಜು ತೆರೆದ. ಬೆಳಿಗ್ಗೆಯಿಂದ ಕರೆಂಟಿರಲಿಲ್ಲ, ತಟ್ಟೆಯಲ್ಲಿ ಐಸಿನ ಬದಲು ನೀರು ತುಳುಕುತ್ತಿತ್ತು.

ಸುಬ್ರಮಣಿ ತಟ್ಟೆಯ ನೀರನ್ನು ಸಿಂಕಿಗೆ ಬಗ್ಗಿಸಿದ. ಆಮೇಲೆ ಅಂಗಿ ಸಿಕ್ಕಿಸಿಕೊಂಡು ಸ್ಕೂಟರು ತೆಗೆದ. ಸರ್ಕಲಿನ ಜ್ಯೂಸ್ ಅಂಗಡಿಯಿಂದ ಪ್ಲಾಸ್ಟಿಕ್ ಕವರಿನಲ್ಲಿ ಐಸಿನ ಗಡ್ಡೆ ಹೊತ್ತು ತರುವಷ್ಟರಲ್ಲಿ ಅದು ಅರ್ಧ ಕರಗಿ, ಅವನ ಪಂಚೆಯ ಮುಂಭಾಗವೆಲ್ಲ ಒದ್ದೆಯಾಗಿತ್ತು.

"ಈಗೇನೂ ಹೇಳ್ಬೇಡಿ," ಎಂದಳು ರಾಧಾಮಣಿ, ಕುಟ್ಟಾಣಿ ಕೈಗೆತ್ತಿಕೊಂಡು. "ಅವಳ ಗಾಡೀಲಿ ಐಸು ಖಾಲಿಯಾಗ್ತಾನೇ ಇರ್ಲಿಲ್ಲ ಅಂತ ಅಂದ್ರೋ, ಈ ಗಡ್ಡೆ ನಿಮ್ ತಲೆ ಮೇಲೇನೇ ಒಡೀತೀನಿ."

ಸುಬ್ರಮಣಿ ಕವರಿನ ಬಾಯಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡ. ಅವಳು ಕುಟ್ಟಿದಳು.